ಅಂತರ್ವಿವಾಹ, ಪೂರ್ಣವಿರಾಮ

ಬೀದರಿನ ಆ ಪದವಿ ಕಾಲೇಜಿನಲ್ಲಿ ಎಬನೇಜರ ಅವರಿಗೆ ಹುಡುಗರು ಇಟ್ಟ ಹೆಸರು ‘ಪೂರ್ಣವಿರಾಮ ಸರ್’. ಅವರು ಸಮಾಜಶಾಸ್ತ್ರ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಎನ್ನುವುದು ವಾಡಿಕೆಯ ಮಾತು. ನಿಜ ಹೇಳಬೇಕೆಂದರೆ ಬರೆಸುತ್ತಿದ್ದರು. ತರಗತಿಗೆ ಬಂದವರೇ ಹಾಜರಿ ಕೂಗುವುದು, ಕನ್ನಡಕ ತೆಗೆದು ಮೇಜಿನ ಮೇಲಿಡುವುದು, ಕಣ್ಣು ಮುಚ್ಚಿ ಶುರು ಮಾಡುವುದು. ಕೈಯಲ್ಲಿ ಪುಸ್ತಕವಿಲ್ಲ, ಒಂದು ಚೀಟಿಯೂ ಇಲ್ಲ. “ಕುಟುಂಬವು ಸಮಾಜದ ಮೂಲ ಘಟಕವಾಗಿದೆ, ಪೂರ್ಣವಿರಾಮ. ಮುಂದಿನ ಸಾಲು.” ಪ್ರತಿ ವರ್ಷ ಅದೇ ಸಾಲು, ಅದೇ ವಿರಾಮ. ಅಕ್ಕನಿಗೆ ಬರೆಸಿದ್ದನ್ನೇ ತಂಗಿಗೆ ಬರೆಸುತ್ತಿದ್ದುದರಿಂದ ಕೆಲವು ಮನೆಗಳಲ್ಲಿ ತಂಗಿಯರು ಬರೆದುಕೊಳ್ಳುವ ಗೋಜಿಗೇ ಹೋಗುತ್ತಿರಲಿಲ್ಲ, ಸುಮ್ಮನೆ ಪೆನ್ನು ಆಡಿಸುತ್ತ ಕೂರುತ್ತಿದ್ದರು.

ಗಂಟೆ ಹೊಡೆಯುವ ಮುಂಚೆ ಕಣ್ಣು ತೆರೆದು ಕೇಳುತ್ತಿದ್ದರು: “ತಿಳೀತಿಲ್ಲೋ?”

ಇಡೀ ತರಗತಿ ಒಂದೇ ದನಿಯಲ್ಲಿ “ತಿಳೀತ್ರಿ ಸರ್” ಎನ್ನುತ್ತಿತ್ತು. ಮಂಗಲಪೇಟೆಯ ಚರ್ಚಿನಲ್ಲಿ ಪ್ರಾರ್ಥನೆ ಮುಗಿದಾಗ ಸಭೆ ಆಮೆನ್ ಎನ್ನುವ ಹಾಗೆ. ಎಬನೇಜರ ಆ ಚರ್ಚಿನ ಗಾಯನವೃಂದದಲ್ಲಿ ಮುಂದಿನ ಸಾಲಿನವರು. ಒಂದೇ ದನಿ ಎಂದರೆ ಅವರಿಗೆ ಇಷ್ಟ.

ಕೆಟ್ಟವರೇನಲ್ಲ. ಒಂದು ತರಗತಿ ತಪ್ಪಿಸಿದವರಲ್ಲ, ಹಳ್ಳಿಯ ಹುಡುಗರನ್ನು ಗದರಿದವರಲ್ಲ. ತಂದೆ ತಿಮೋಥಿ ಭಾಲ್ಕಿಯ ಶಾಲೆಯಲ್ಲಿ ಮಾಸ್ತರರಾಗಿದ್ದರು; ಮಗನಿಗೆ ಕೋಟಿನ ಗುಂಡಿ ಹಾಕಿಕೊಂಡೇ ತರಗತಿಗೆ ಹೋಗಬೇಕು ಎಂಬುದನ್ನು ಕಲಿಸಿ ಹೋದರು. ಏಪ್ರಿಲ್ ಬಿಸಿಲಿನಲ್ಲೂ ಎಬನೇಜರ ಆ ಗುಂಡಿ ಬಿಚ್ಚಲಿಲ್ಲ. ಮಾನವಿಕ ವಿಷಯಗಳ ಬೋಧನೆ ಸುಧಾರಿಸಬೇಕೆಂದು ಒಮ್ಮೆ ಅವರನ್ನು ತರಬೇತಿಗೆ ಕಳಿಸಿದ್ದರು. ಅಲ್ಲಿಗೆ ಬಂದವರೊಬ್ಬರು ‘ದಯವಿಟ್ಟು ನೋಟ್ಸ್ ಬರೆಸಬೇಡಿ, ವಿದ್ಯಾರ್ಥಿಗಳನ್ನು ಮಾತಾಡಿಸಿ’ ಎಂದರು. ನಮ್ಮ ಸರ್ ಅದನ್ನು ಚೊಕ್ಕವಾಗಿ ಬರೆದುಕೊಂಡು, ಕೆಳಗೆ ಗೆರೆ ಎಳೆದು, ಊರಿಗೆ ಬಂದು ಮರುದಿನವೇ ಮತ್ತೆ ಕಣ್ಣು ಮುಚ್ಚಿದರು.

ಇಂಥವರ ಪಾಲಿಗೆ ಬಂದ ಅವಮಾನದ ಕತೆ ಇದು. ಯಾರೂ ಮಾಡದ ಅವಮಾನ ಅದು. ಅದಕ್ಕೇ ಅದು ಹೋಗಲೂ ಇಲ್ಲ.

ಔರಾದಿನಲ್ಲಿ ಒಂದು ಖಾಸಗಿ ಕಾಲೇಜಿನವರು ಸಮಾಜಶಾಸ್ತ್ರಕ್ಕೆ ಒಬ್ಬರನ್ನು ಕಾಯಂ ಆಗಿ ತೆಗೆದುಕೊಳ್ಳುವವರಿದ್ದರು. ಬಂದವರೆಲ್ಲ ನಿಜವಾದ ತರಗತಿಯಲ್ಲೇ ಪಾಠ ಮಾಡಿ ತೋರಿಸಬೇಕು. ನೋಡಿ ಆರಿಸಲು ಕಲಬುರಗಿಯಿಂದ ನಾಹೀದ ಎಂಬ ಪ್ರಾಧ್ಯಾಪಕಿ ಬಂದಿದ್ದರು, ಬೀದರಿನಿಂದ ಎಬನೇಜರ. ಸಂತಪುರದ ಮೇಲಿಂದ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ತಜ್ಞ ಎಂಬ ಹೊಸ ಹೆಸರು ಹೊತ್ತು ಅವರು ಔರಾದಿಗೆ ಹೋದರು. ಅಭ್ಯರ್ಥಿಗಳಲ್ಲಿ ಸುಜಾತಾಳನ್ನು ಕಂಡು ಅವರ ಮುಖ ಅರಳಿತು.

ಸುಜಾತಾ ಎಕಂಬಾದವಳು. ಅಪ್ಪ ಬಕ್ಕಪ್ಪನಿಗೆ ಕುರಿಹಿಂಡು, ಒಂದಿಷ್ಟು ಹೊಲ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಜೀವ ಅವಳೇ. ಬೀದರಿನಲ್ಲಿ ಎಬನೇಜರರ ವಿದ್ಯಾರ್ಥಿನಿ, ಆಮೇಲೆ ಎಂ.ಎ. ಮುಗಿಸಿ, ಔರಾದಿನ ಇನ್ನೊಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಅತಿಥಿ ಎಂದರೆ ಗೊತ್ತಲ್ಲ, ಯಾವಾಗ ಬೇಕಾದರೂ ಎದ್ದು ಹೋಗು ಎನ್ನಬಹುದಾದ ಅತಿಥಿ. ಈ ಕೆಲಸ ಸಿಕ್ಕರೆ ಆ ಭಯ ಮುಗಿಯುತ್ತಿತ್ತು.

ನಾಹೀದ ಮೇಡಂ ಅವಳಿಗೆ ಕೊಟ್ಟ ವಿಷಯ ‘ವಿವಾಹದ ನಿಯಮಗಳು’. ಎಬನೇಜರ ಒಳಗೊಳಗೇ ಖುಷಿಪಟ್ಟರು. ಅವರು ಅತ್ಯಂತ ಚೆನ್ನಾಗಿ ಬರೆಸುವ ಪಾಠ ಅದು.

ಆದರೆ ಸುಜಾತಾ ಬರೆಸಲಿಲ್ಲ. ಬೆಂಚುಗಳ ನಡುವೆ ಹೋಗಿ ನಿಂತಳು. “ನಿಮ್ಮ ಅಕ್ಕಂದು ಲಗ್ನಾ ಆಗ್ಯದಿಲ್ಲ? ಗಂಡ ಹ್ಯಾಂಗ ಹುಡುಕಿದ್ರಿ, ಹೇಳ್ರಿ ನೋಡೂಣು” ಎಂದು ಒಬ್ಬ ಹುಡುಗಿಯನ್ನು ಕೇಳಿದಳು. ಆ ಹುಡುಗಿ ನಾಚಿ, ಆಮೇಲೆ ಹೇಳಿದಳು. ಇನ್ನೊಬ್ಬ ಎದ್ದು, ತಮ್ಮಲ್ಲಿ ಒಂದೇ ಬೆಡಗಿನವರು, ಅಂದರೆ ಒಂದೇ ಕುಲದವರು, ಅಣ್ಣತಮ್ಮಂದಿರಾಗುತ್ತಾರೆ, ಸೋಯರಿಕೆ ಮಾಡುವ ಹಾಗಿಲ್ಲ ಎಂದ. ಮತ್ತೊಬ್ಬಳು ತಮ್ಮಲ್ಲಿ ಸೋದರಮಾವನೇ ನಡೆಯುತ್ತದೆ ಎಂದಾಗ ಎಲ್ಲರೂ ನಕ್ಕರು. ತರಗತಿ ಗಿಜಿಗುಟ್ಟಿತು. ನಾಹೀದ ಮೇಡಂ ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಎಬನೇಜರರಿಗೆ ಮಾತ್ರ ಕೊಂಚ ಕಸಿವಿಸಿ. ಪಾಠ ಯಾವಾಗ ಶುರುವಾಗುತ್ತದೆ ಎಂದು ಅವರು ಕಾಯುತ್ತಿದ್ದರು.

ಸುಜಾತಾ ಹಲಗೆಯ ಮೇಲೆ ‘ಅಂತರ್ವಿವಾಹ’ ಎಂದು ಬರೆದಳು. ಈಗ ಶುರುವಾಯಿತು ಎಂದುಕೊಂಡು ಎಬನೇಜರ ಅಭ್ಯಾಸಬಲದಿಂದ ಕಣ್ಣು ಅರೆಮುಚ್ಚಿ ತುಟಿ ಆಡಿಸತೊಡಗಿದರು. ಹುಡುಗರ ಕಡೆ ತಿರುಗಿದ ಸುಜಾತಾಳ ಕಣ್ಣಿಗೆ ಮೊದಲು ಬಿದ್ದದ್ದು ಆ ತುಟಿಗಳು. ಅವಳು ತಡೆದಳು. ಸುಣ್ಣದ ಕಡ್ಡಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: “ಬರ್ಕೊಳ್ರಿ. ಅಂತರ್ವಿವಾಹ ಎಂದರೆ ಒಂದು ಜಾತಿಯವರು ಮತ್ತೊಂದು ಜಾತಿಯವರನ್ನು ವಿವಾಹವಾಗುವ ಪದ್ಧತಿ, ಪೂರ್ಣವಿರಾಮ.”

ತಮ್ಮದೇ ವಾಕ್ಯ, ತಮ್ಮದೇ ವಿರಾಮ. ಎಬನೇಜರ ಹೆಮ್ಮೆಯಿಂದ ತಲೆದೂಗಿದರು.

ಪಾಠ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ನಾಹೀದ ಮೇಡಂ ಕೇಳಿದರು. “ಪಾಠ ಭಾಳ ಛಲೋ ಶುರು ಮಾಡಿದ್ರಿಯಮ್ಮ. ಆದ್ರ ಈ ಅಂತರ್ವಿವಾಹದ ಅರ್ಥ ಎಲ್ಲಿಂದ ತಂದ್ರಿ? ಅಂತರ್ ಅಂದ್ರ ಒಳಗ. ತಮ್ಮ ಮಂದಿ ಒಳಗೇ ಲಗ್ನಾ ಮಾಡ್ಕೊಳ್ಳೂದು ಅಂತರ್ವಿವಾಹ. ಪೇಪರಿನ್ಯಾಗ ಅಂತರ್ಜಾತಿ ವಿವಾಹ ಅಂತ ಬರೀತಾರಲ್ಲ, ಅದು ಬ್ಯಾರೆ. ನೀವು ಪೂರಾ ಉಲ್ಟಾ ಹೇಳಿದ್ರಿ. ಹುಡುಗುರು ತಮ್ಮ ಮನಿ ಮಾತ ಹೇಳಿದ್ದೆಲ್ಲಾ ಬರಾಬರ ಇತ್ತು, ನೀವು ಬರೆಸಿದ್ದು ಗಲತ್ ಆಯ್ತು.”

ಎಬನೇಜರ ಮನಸ್ಸಿನಲ್ಲೇ ಆ ಪದ ಬಿಡಿಸಿ ನೋಡಿದರು. ಒಳಗೆ. ಅಂತರ್ ಎಂದರೆ ಒಳಗೆ. ಅಂತರಂಗ, ಅಂತರ್ಜಲ, ಅಂತರ್ಮುಖಿ. ಚರ್ಚಿನಲ್ಲಿ ದಿನ ಬೆಳಗಾದರೆ ಅಂತರಾತ್ಮ ಎನ್ನುವ ಬಾಯಿ ಇದು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅವಸರದಲ್ಲಿ, ಪತ್ರಿಕೆಯಲ್ಲಿ ಓದಿದ ಅಂತರ್ಜಾತಿ ವಿವಾಹವನ್ನು ನೆನೆದು ಕಟ್ಟಿದ ವಾಕ್ಯ ಅದು. ಕಟ್ಟಿದ ಮೇಲೆ ಬಾಯಿಪಾಠವಾಯಿತು. ಬಾಯಿಪಾಠವಾದ ಮೇಲೆ ಪುಸ್ತಕ ತೆರೆಯುವ ಪ್ರಮೇಯವೇ ಬರಲಿಲ್ಲ. ಉತ್ತರಪತ್ರಿಕೆ ತಿದ್ದುವವರು ಶೀರ್ಷಿಕೆಯ ಕೆಳಗೆ ಗೆರೆ ಇದೆಯೇ, ಪುಟ ತುಂಬಿದೆಯೇ ಎಂದು ನೋಡಿ ಮುಂದೆ ಹೋಗುತ್ತಿದ್ದರು. ಹಾಗೆ ಹೋದವರಲ್ಲಿ ಅವರೂ ಒಬ್ಬರು.

“ನಿಮಗ ಇದನ್ನ ಕಲಿಸಿದವ್ರು ಯಾರು?” ನಾಹೀದ ಮೇಡಂ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಸುಜಾತಾ ಎಬನೇಜರರ ಕಡೆ ನೋಡಲಿಲ್ಲ. ನೋಡದಿರಲು ಎಷ್ಟು ಕಷ್ಟಪಟ್ಟಳು ಎಂಬುದು ಅವರಿಗೊಬ್ಬರಿಗೇ ಕಂಡಿತು. “ಯಾರೂ ಇಲ್ರಿ ಮೇಡಂ. ಗಡಬಡಿಯೊಳಗ ನಾನೇ ತಪ್ಪ ಹೇಳಿನ್ರಿ.”

ಆಗ ಒಂದು ಮಾತು ಸಾಕಿತ್ತು. ‘ನಾನೇ ಕಲಿಸಿದ್ದು ಮೇಡಂ’ ಎಂದರೆ ಮುಗಿಯುತ್ತಿತ್ತು. ಎಬನೇಜರ ಆ ಮಾತನ್ನು ಗಂಟಲವರೆಗೆ ತಂದರು, ಮುಂದಿದ್ದ ನೀರಿನ ಲೋಟ ಎತ್ತಿ ಗಟಗಟ ಕುಡಿದು ಒಳಗೆ ಇಳಿಸಿದರು. ಸುಜಾತಾ ನಮಸ್ಕಾರ ಮಾಡಿ ಹೊರಗೆ ಹೋದಳು.

“ಹುಡುಗಿ ಹುಷಾರ್ ಅದಾಳ. ಆದ್ರ ಬುನಿಯಾದಿನ್ಯಾಗೇ, ಅಡಿಪಾಯದಾಗೇ ಹಿಂಗ ಆದ್ರ ಹ್ಯಾಂಗ ತಗೊಳ್ಳೂದ್ರಿ ಸರ್? ನೀವೇನಂತೀರಿ?”

“ಹೌದ್ರಿ ಮೇಡಂ. ನೀವಂದಿದ್ದು ಬರಾಬರ ಅದ” ಎಂದರು ಎಬನೇಜರ. ಕೋಟಿನ ಗುಂಡಿ ಸರಿಮಾಡಿಕೊಂಡು ಸಹಿ ಹಾಕಿದರು. ಕೆಲಸ ಬೇರೊಬ್ಬರಿಗಾಯಿತು.

ಮನೆಗೆ ಬಂದ ಮೇಲೆ ಹೆಂಡತಿ ಏಂಜೆಲ ಊಟಕ್ಕೆ ಬಡಿಸಿದರೆ ಅನ್ನ ಕಲಸುತ್ತ ಕೂತರು, ತಿನ್ನಲಿಲ್ಲ. ಏನಾಗಿದೆ ಎಂದರೆ ಬಸ್ಸಿನ ಕುಲುಕಾಟಕ್ಕೆ ಹೊಟ್ಟೆ ಸರಿಯಿಲ್ಲ ಎಂದರು. ಸುಳ್ಳಿಗೆ ಸುಳ್ಳು ಸೇರುತ್ತ ಹೋಗುವುದು ಅವರಿಗೆ ಆಗಲೇ ಗೊತ್ತಾಗುತ್ತಿತ್ತು.

ಭಾನುವಾರ ಭಾಲ್ಕಿಗೆ ಹೋದರು. ಅಲ್ಲಿ ತಮ್ಮನ ಸಂಸಾರದ ಜೊತೆ ತಾಯಿ ದೊರ್ಕಾ ಇದ್ದರು. ತಾಯಿಯ ಪಕ್ಕದಲ್ಲಿ ನಿಂತು ಅಲ್ಲಿನ ಚರ್ಚಿನ ಆರಾಧನೆಯಲ್ಲಿ ಪಾಪದ ಅರಿಕೆ ಹೇಳಿದರು. ಎಲ್ಲರೂ ಸೇರಿ ಹೇಳುವ ಅರಿಕೆ ಎಷ್ಟು ಸಲೀಸು ಎಂದು ಅವರಿಗೆ ಅಂದು ಹೊಳೆಯಿತು. ಅದರಲ್ಲಿ ಯಾರ ಹೆಸರೂ ಇರುವುದಿಲ್ಲ. ಹಾಡು ಬಂದಾಗ ಬಾಯಿ ತೆರೆಯಲಾಗಲಿಲ್ಲ. ಮುಂದಿನ ಸಾಲಿನವರೊಬ್ಬರು ಇವರ ದನಿ ಕೇಳಲೆಂದು ತಿರುಗಿ ನೋಡಿದರು.

ಮಧ್ಯಾಹ್ನ ತಾಯಿ ಎಬನೇಜರರ ಮಗ ರೋನಿಯ ಮದುವೆಯ ಮಾತು ತೆಗೆದರು. “ಹುಮನಾಬಾದಿನ್ಯಾಗ ಒಂದ ಹುಡುಗಿ ಅದಾಳ. ನರ್ಸ್ ಕಲ್ತಾಳ. ಅವ್ರ ಮಂದಿ ಎಲ್ಲಾ ನಮ್ಮ ಸಭಾದವ್ರೇ.”

“ಹೊರಗಿನವ್ರು ಇದ್ರ ನಡ್ಯೂದಿಲ್ಲೇನವ್ವ?”

“ಏ, ಇದೇನ್ ಹೊಸಾ ಮಾತ ತೆಗದಿ? ನಿನಗೇನ್ ಹೊರಗಿಂದ ತಂದೀವೇನು? ಏಂಜೆಲನ್ನ ಹುಡುಕ್ಲಿಕ್ಕಿ ನಿಮ್ಮಪ್ಪ ಎಷ್ಟ ಊರ ತಿರಗ್ಯಾನ, ನಿನಗೇನ್ ಗೊತ್ತದ. ನಮ್ಮವ್ರು ನಮ್ಮವ್ರೊಳಗೇ ಇರಬೇಕು.”

ಎಬನೇಜರ ತಲೆ ತಗ್ಗಿಸಿದರು. ಮದುವೆ ಚೀಟಿ ಅಚ್ಚು ಹಾಕಿಸಿ, ಭಾಲ್ಕಿಯ ಈ ಮನೆಯ ಮುಂದೆ ಚಪ್ಪರ ಹಾಕಿಸಿ ಅವರು ಮಾಡಿಕೊಂಡದ್ದೇ ಅಂತರ್ವಿವಾಹ. ಮಾಡಿಕೊಂಡು, ಮರುವಾರ ಕಾಲೇಜಿಗೆ ಹೋಗಿ ಅದರ ತದ್ವಿರುದ್ಧ ಅರ್ಥ ಬರೆಸಿದ್ದರು. ತಮ್ಮ ಬದುಕನ್ನೇ ಒಂದು ಸಲ ತಿರುಗಿ ನೋಡಿದ್ದರೆ ತಪ್ಪು ಸಿಕ್ಕಿಬೀಳುತ್ತಿತ್ತು. ಆದರೆ ತರಗತಿಗೆ ಹೋಗುವಾಗ ಅವರು ಬದುಕನ್ನು ಹೊರಗೆ, ಸ್ಕೂಟರಿನ ಜೊತೆ, ನಿಲ್ಲಿಸಿ ಹೋಗುತ್ತಿದ್ದರು.

ಸೋಮವಾರ ತರಗತಿಯಲ್ಲಿ ಕನ್ನಡಕ ತೆಗೆಯಲಿಲ್ಲ. ಕಣ್ಣು ತೆರೆದೇ ಇಟ್ಟುಕೊಂಡು, ಸುಜಾತಾ ಕೇಳಿದ್ದ ಪ್ರಶ್ನೆಯನ್ನೇ ಕದ್ದು ಕೇಳಿದರು: “ನಿಮ್ಮ ಮನ್ಯಾಗ ಹೆಣ್ಣ ಯಾರಿಗಿ ಕೊಡ್ತೀರಿ?” ಹುಡುಗರು ಹೆದರಿದರು. ಸರ್‌ಗೆ ಮೈ ಸರಿಯಿಲ್ಲವೇನೋ ಎಂದು ಮುಖ ಮುಖ ನೋಡಿಕೊಂಡರು. ನಿಧಾನಕ್ಕೆ ಒಬ್ಬೊಬ್ಬರೇ ಹೇಳತೊಡಗಿದರು. ಎಲ್ಲರದೂ ಒಂದೇ ಮಾತು: ನಮ್ಮವರಿಗೇ.

“ಹಂಗಾದ್ರ ನಾ ಬರೆಸಿದ ಅಂತರ್ವಿವಾಹದ ಅರ್ಥ? ಅದು ತಪ್ಪ ಅದ ಅಂತ ಯಾರಿಗೂ ಅನ್ನಿಸ್ಲಿಲ್ಲೇನು?”

ಎರಡನೆಯ ಬೆಂಚಿನ ನಿಸ್ಸಿ, ಅವರದೇ ಚರ್ಚಿನ ಹುಡುಗಿ, ಎದ್ದು ನಿಂತಳು. “ಅನ್ನಿಸಿತ್ರಿ ಸರ್. ಗೈಡಿನ್ಯಾಗೂ ಬ್ಯಾರೇನೇ ಇತ್ರಿ.”

“ಮತ್ತ ಯಾಕ ಕೇಳ್ಲಿಲ್ಲ?”

“ನೀವು ಹೇಳಿದ್ದು ಪರೀಕ್ಷಾಕ್ಕರಿ, ಮನ್ಯಾಗಿಂದು ಮನಿಗಿರಿ. ಎರಡೂ ಬ್ಯಾರೆ ಇರ್ತಾವ ಅಂತ ತಿಳ್ಕೊಂಡಿದ್ವಿರಿ.”

ಅವಳು ವ್ಯಂಗ್ಯ ಮಾಡಲಿಲ್ಲ. ಕೂತಳು. ತಿಳೀತ್ರಿ ಸರ್ ಎಂಬ ಆ ಒಂದೇ ದನಿಯ ಅರ್ಥ ಎಬನೇಜರರಿಗೆ ಈಗ ತಿಳಿಯಿತು. ಅದು ತಿಳಿಯಿತು ಎಂಬ ಮಾತಲ್ಲ. ನಿಮ್ಮ ಮರ್ಯಾದೆ ಉಳಿಸಿದ್ದೇವೆ, ಇನ್ನು ಹೋಗಿ ಬನ್ನಿ ಎಂಬ ಮಾತು. ಅವರೂ ಭಾಲ್ಕಿಯ ಹುಡುಗನೇ; ಹಿರಿಯರ ಮುಂದೆ ಅವರೂ ಹಾಗೇ ಹೇಳಿ ಬೆಳೆದವರು. ಅವರಿಗೆ ಗೊತ್ತಿರಬೇಕಿತ್ತು. “ನಾ ಬರೆಸಿದ್ದು ತಪ್ಪದ” ಎಂದರು. ಹಿಂದಿನ ಬೆಂಚಿನಿಂದ ಯಾರೋ ಕೇಳಿದರು: “ಹಂಗಾದ್ರ ಪರೀಕ್ಷಾದಾಗ ಯಾವ್ದು ಬರೀಬೇಕ್ರಿ ಸರ್?”

ಅಂದೇ ನಾಹೀದ ಮೇಡಂಗೆ ಫೋನು ಮಾಡಿದರು. ಎಲ್ಲ ಹೇಳಿದರು. ಅವರು, “ಆರ್ಡರ್ ಹೋಗ್ಯದರಿ ಸರ್. ತಗೊಂಡವ್ರು ಬಂದು ಜಾಯಿನ್ ಸುದ್ಧಾ ಆಗ್ಯಾರ. ನೀವು ನನ್ನ ಬಾಜೂಕೇ ಕುಂತಿದ್ರಲ್ಲ” ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಉಳಿದದ್ದು ಎಕಂಬಾ. ಕೆಲಸ ಹೋದದ್ದು ಹೋಯಿತು. ಆ ಮನೆಯಲ್ಲಿ, ಅಪ್ಪನ ಮುಂದೆ, ತಪ್ಪು ಹುಡುಗಿಯದಲ್ಲ ಎಂದಾದರೂ ಹೇಳಬೇಕು ಎಂದು ನಿರ್ಧರಿಸಿದರು. ಔರಾದಿನಲ್ಲಿ ಬಸ್ಸು ಬದಲಿಸಿ ಎಕಂಬಾದಲ್ಲಿ ಇಳಿದಾಗ ಸುಜಾತಾ ನಿಲ್ದಾಣಕ್ಕೆ ಬಂದಿದ್ದಳು. ಫೋನಿನಲ್ಲಿ ಬರುತ್ತೇನೆ ಎಂದಷ್ಟೇ ಹೇಳಿದ್ದರು. ಇಬ್ಬರೂ ಊರೊಳಗೆ ನಡೆದರು. ತೊಗರಿ ಕಟ್ಟಿಗೆ ಒಟ್ಟಿದ ಗೋಡೆಯ ಪಕ್ಕ ಎಬನೇಜರ ನಿಂತರು.

“ನಾ ಕಲಿಸಿದ ತಪ್ಪಿಗಿ ನಿನ್ನ ಕೆಲಸ ಹೋಯ್ತು, ಸುಜಾತಾ.”

“ಇಲ್ರಿ ಸರ್. ಅದು ನನಗ ಗೊತ್ತಿತ್ರಿ.”

“ಏನ್ ಗೊತ್ತಿತ್ತು?”

“ಬರಾಬರ ಅರ್ಥ ಗೊತ್ತಿತ್ರಿ. ಎಂ.ಎ.ದಾಗೇ ಓದೇನ್ರಿ. ಈಗ ನನ್ನ ಹುಡುಗುರಿಗಿ ದಿನಾ ಬರಾಬರನೇ ಹೇಳ್ತೇನಿರಿ.”

“ಮತ್ತ ಅವತ್ತ?”

ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿದಳು. “ನೀವು ಮುಂದ ಕುಂತಿದ್ರಿ ಸರ್. ನಿಮ್ಮ ತುಟಿ ಆಡ್ಲತ್ತಿತ್ತು. ಪರ ಊರ ಮೇಡಂ ಬಾಜೂಕ ಇದ್ರು. ಅವ್ರ ಮುಂದ ನಿಮ್ಮ ಮಾತ ತಪ್ಪ ಅಂತ ನಾ ಹ್ಯಾಂಗ ಹೇಳ್ಲಿರಿ?”

ಅವರು ಕಲಿಸಿದ ತಪ್ಪು ಅವಳನ್ನು ಕೆಡಿಸಿರಲಿಲ್ಲ. ಅದನ್ನು ಅವಳು ತಾನೇ ತಿದ್ದಿಕೊಂಡಿದ್ದಳು. ಕೆಡಿಸಿದ್ದು ಅವರ ಮೇಲಿನ ಮರ್ಯಾದೆ. ತಾವು ಬಾಯಿ ತೆರೆಯದೆ ಉಳಿಸಿಕೊಂಡ ಮಾನಕ್ಕಾಗಿ ಈ ಹುಡುಗಿ ತಿಳಿದೂ ತಿಳಿದೂ ಬದುಕಿನ ಕೆಲಸ ಬಿಟ್ಟುಕೊಟ್ಟಿದ್ದಳು. ಎಬನೇಜರರಿಗೆ ಅಲ್ಲಿಂದಲೇ ಬಸ್ಸಿಗೆ ಓಡಿ ಹೋಗಬೇಕೆನ್ನಿಸಿತು. ಅಷ್ಟರಲ್ಲಿ ಬಕ್ಕಪ್ಪ ಮನೆಯ ಮುಂದೆ ನಿಂತು ಕೈಮುಗಿಯುತ್ತಿದ್ದ.

ಅಂಗಳದಲ್ಲಿ ಗೋಡೆಗೆ ಹತ್ತಿ ಹೊಸ ಕಂಬಳಿ ಹಾಸಿತ್ತು. ದೊಡ್ಡವರು ಬಂದಾಗ ಮಾತ್ರ ಗಳದ ಮೇಲಿಂದ ಇಳಿಸುವ ಕರಿ ಕಂಬಳಿ. ಎಬನೇಜರ ಅದರ ಅಂಚಿನಲ್ಲಿ, ನೆಲಕ್ಕೆ ಕಾಲು ಬಿಟ್ಟು ಕೂತರು. ಬಕ್ಕಪ್ಪ ತೋಳು ಹಿಡಿದು ನಡುವೆ ಕೂರಿಸಿದ. ತಾನು ನೆಲದ ಮೇಲೆ ಕೂತ.

“ಗುರುಗಳ, ಒಂದ ಮಾತ. ಮನ್ನಿಸ್ರಿ. ನಿಮ್ಮಂಥವ್ರು ಕಲಿಸಿ ಕಳಿಸಿದ್ರೂ ನಮ್ಮ ಪೋರಿ ಅಲ್ಲಿ ಹೋಗಿ ತಪ್ಪ ಹೇಳಿ ಬಂದಾಳ. ನೀವು ಮುಂದೇ ಕುಂತಿದ್ರಂತ. ನಿಮ್ಮ ಹೆಸರ ಕೆಡಸ್ಯಾಳ. ನನಗ ಮಾರಿ ಎತ್ತಿ ನೋಡ್ಲಿಕ್ಕಿ ಆಗವಲ್ದು.”

ಭೂಮಿ ಬಾಯ್ಬಿಡಬಾರದೇ ಎನ್ನಿಸಿತು ಎಬನೇಜರರಿಗೆ. ಅವರ ಜನ್ಮದಲ್ಲಿ ಯಾರೂ ಅವರನ್ನು ಇಷ್ಟು ನಿಜವಾಗಿ ಕ್ಷಮೆ ಕೇಳಿರಲಿಲ್ಲ. “ಬಕ್ಕಪ್ಪ, ಕೇಳ್ರಿ” ಎಂದರು. “ತಪ್ಪ ನಿಮ್ಮ ಮಗಳದಲ್ಲ. ಕಲಿಸಿದವ ನಾನೇ, ತಪ್ಪ ಕಲಿಸಿದವನೂ ನಾನೇ. ಆಕಿಗಿ ಖರೆ ಗೊತ್ತಿತ್ತು. ನನ್ನ ಮಾನ ಉಳಿಸ್ಲಿಕ್ಕಿ ತಪ್ಪ ಹೇಳಿದಳು. ನಾ ಗಪ್ ಕುಂತ ಸಹಿ ಹಾಕಿದೆ.”

ಬಕ್ಕಪ್ಪ ಕೇಳಿದ. ಅವನ ಕಣ್ಣು ತುಂಬಿ ಬಂತು. ಈಗ ಬೈಯುತ್ತಾನೆ ಎಂದು ಎಬನೇಜರ ಕಾದರು. ಬೈಯಲಿ ಎಂದು ಬೇಡಿಕೊಂಡರು. ಬಕ್ಕಪ್ಪ ಮಗಳ ಕಡೆ ತಿರುಗಿದ.

“ನೋಡ್ದಿ ಏನವ್ವ? ಗುರು ಅಂದ್ರ ಹಿಂಗಿರ್ತಾರ. ನಿನ್ನ ತಪ್ಪ ತಮ್ಮ ತಲಿ ಮ್ಯಾಲ ತಗೊಳ್ಲತ್ತಾರ. ಬೀದರದಿಂದ ಇಲ್ಲೀತನಾ ಬಂದಾರ ಈ ಮಾತ ಹೇಳ್ಲಿಕ್ಕಿ.”

“ಇಲ್ಲ ಬಕ್ಕಪ್ಪ, ನಾ ಖರೇನೇ ಹೇಳ್ಲತ್ತೇನಿ.”

“ಹೌದ್ರಿ, ಹೌದ್ರಿ. ತಿಳೀತ್ರಿ ಗುರುಗಳ” ಎಂದ ಬಕ್ಕಪ್ಪ, ಕೈಮುಗಿದು. “ಸುಜಾತಾ, ಕಾಲಿಗಿ ಬೀಳು.”

ಎಬನೇಜರ ಸುಜಾತಾಳ ಮುಖ ನೋಡಿದರು. ನೀನಾದರೂ ಹೇಳು ಎಂದು ಕಣ್ಣಲ್ಲೇ ಅಂಗಲಾಚಿದರು. ಅವಳು ಅಪ್ಪನ ತುಂಬಿದ ಕಣ್ಣನ್ನೂ ನೋಡಿದಳು, ಸರ್‌ನ ಕೋಟಿನ ಗುಂಡಿಯನ್ನೂ ನೋಡಿದಳು. ಸೆರಗು ಹೊದ್ದು ಮುಂದೆ ಬಂದು ಬಗ್ಗಿದಳು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು, ಆದರೆ ಬಕ್ಕಪ್ಪ ಕೂರಿಸಿದ್ದು ಕಂಬಳಿಯ ನಟ್ಟನಡುವೆ, ಸರಿಯೋಣವೆಂದರೆ ಬೆನ್ನ ಹಿಂದೆ ಗೋಡೆ. ಅವಳ ಬೆರಳುಗಳು ಅವರ ಪಾದ ಮುಟ್ಟಿದವು. ಒಳಗಿನಿಂದ ಯಾರೋ ಕುರಿಹಾಲಿನ ಚಹಾ ತಂದು ಮುಂದಿಟ್ಟರು.